ನೀರಗಂಟಿಯ ಕೆಲಸ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, "ಸರ್, ಮನೆಗೆ ಹೊಸದಾಗಿ ಫೈಬರ್ ಹಾಕಿಸಿದ್ದೇವೆ. ಮಕ್ಕಳು ಎಲ್ಲೆಲ್ಲಿಗೆ ಹೋಗುತ್ತಾರೆ ಎಂಬುದನ್ನೆಲ್ಲ ಅವರಿಗೆ ತಿಳಿಯದ ಹಾಗೆ ನನ್ನ ಫೋನಿನಲ್ಲೇ ನೋಡಬಹುದಂತೆ. ಹಾಗೆ ಮಾಡಲೇ?" ಎಂದು ಕೇಳಿದಳು. ನಾನು ತಕ್ಷಣ ಉತ್ತರ ಹೇಳಲಾರದೆ ಹೋದೆ. "ಬರೆದು ತಿಳಿಸುತ್ತೇನಮ್ಮ" ಎಂದೆ. ಆ ಉತ್ತರ ಇಷ್ಟು ಉದ್ದವಾಗುವುದೆಂದು ಆಗ ಅಂದುಕೊಂಡಿರಲಿಲ್ಲ. ಇದರಲ್ಲಿ ನನ್ನದೊಂದು ತಪ್ಪಿನ ಕಥೆಯೂ ಇದೆ. ಸಂಬಂಧಪಟ್ಟವರೆಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಮ್ಮದು ಶಿರಾ ಸೀಮೆಯ ಒಂದು ಕೆರೆಯೂರು. ನನ್ನ ಬಾಲ್ಯದಲ್ಲಿ ಕೆರೆಯ ನೀರು ಹಂಚುವುದಕ್ಕೆ ಒಬ್ಬ ನೀರಗಂಟಿ ಇದ್ದ. ತೂಬು ತೆಗೆಯುವವನು ಅವನು, ಮುಚ್ಚುವವನೂ ಅವನೇ. ಹೆಗಲ ಮೇಲೆ ಸನಿಕೆ ಇಟ್ಟುಕೊಂಡು ಅಚ್ಚುಕಟ್ಟಿನ ಬದುಗಳ ಮೇಲೆ ಹಗಲು ರಾತ್ರಿ ಎನ್ನದೆ ತಿರುಗುತ್ತಿದ್ದ. ಇವರ ಗದ್ದೆಗೆ ಇಷ್ಟು ಹೊತ್ತು, ಅವರ ಗದ್ದೆಗೆ ಇಷ್ಟು ಹೊತ್ತು ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಕಣದಿಂದ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಭತ್ತ ಹಾಕಬೇಕೋ ರಾಗಿ ಹಾಕಬೇಕೋ ಎಂಬ ಪ್ರಶ್ನೆ ಬರುತ್ತಿತ್ತು. ಅದನ್ನು ಮಾತ್ರ ನೀರಗಂಟಿ ತೀರ್ಮಾನಿಸುತ್ತಿರಲಿಲ್ಲ. ಊರಿನವರು ಏರಿಯ ಮೇಲೆ ಕುಳಿತು, ಜಗಳವಾಡಿಯಾದರೂ ಸರಿ, ಎಲ್ಲರೆದುರಿಗೆ ತೀರ್ಮಾನಿಸುತ್ತಿದ್ದರು. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ಅದು ತುಮಕೂರಿನ ನಮ್ಮ ಮನೆಯ ಹೊಸ್ತಿಲು ದಾಟಿದ್ದು 2001ರಲ್ಲಿ, ದೂರವಾಣಿಯ ತಂತಿಯ ಮೂಲಕ. ಆಗ ಹಂಚಿಕೆಯ ಪ್ರಶ್ನೆಯೇ ಇರಲಿಲ್ಲ. ಗಣಕಯಂತ್ರ ಒಂದೇ. ಅದು ಜಾಲದಲ್ಲಿದ್ದಷ್ಟು ಹೊತ್ತು ದೂರವಾಣಿ ಎಂಗೇಜ್. ಊರಿನಿಂದ ತಂಗಿ ಫೋನು ಮಾಡಿ ಮಾಡಿ ಸಾಕಾಗಿ, "ಅಣ್ಣಾ, ನಿಮ್ಮ ಮನೆಯಲ್ಲಿ ಯಾರು ಅಷ್ಟು ಹೊತ್ತು ಮಾತಾಡುವುದು?" ಎಂದು ಕಾಗದ ಬರೆದಿದ್ದಳು.

2004ರಲ್ಲಿ ನಾನು ನಿವೃತ್ತನಾದೆ. ಅದೇ ವರ್ಷ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂದಿತು. ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು ಅದರಲ್ಲಿ ಹೇಳಿತ್ತು. ಎಂಟು ಬಿಟ್ಟಿಗೆ ಒಂದು ಬೈಟು. ಅಂದರೆ ಸೆಕೆಂಡಿಗೆ 32 ಕಿಲೋಬೈಟ್. ಒಂದು ಸಿ.ಡಿ. ತುಂಬುವ 700 ಎಂ.ಬಿ.ಯಷ್ಟು ಸರಕನ್ನು ಇಳಿಸಿಕೊಳ್ಳಲು ಆರು ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ಈ ಲೆಕ್ಕವನ್ನು ನಿಮಗೆ ಬಿಡಿಸಿ ಹೇಳುವುದಕ್ಕೆ ಕಾರಣವಿದೆ.

2007ರ ಹೊತ್ತಿಗೆ ನಮ್ಮ ಮನೆಯಲ್ಲಿ ಮೂರು ಗಣಕಯಂತ್ರಗಳಾಗಿದ್ದವು. ನಡುಮನೆಯಲ್ಲಿದ್ದದ್ದು ನನ್ನದು ಮತ್ತು ಒಂಬತ್ತನೆಯ ತರಗತಿಯ ಮೊಮ್ಮಗನದು. ಮಗ-ಸೊಸೆಯರ ಕೋಣೆಯಲ್ಲಿ ಒಂದು. ಮಹಡಿಯ ಮೇಲಿನ ಕೋಣೆಯಲ್ಲಿ, ನಮ್ಮಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದ ತಂಗಿಯ ಮಗನದು ಇನ್ನೊಂದು. ಸಂಪರ್ಕ ಮಾತ್ರ ಒಂದೇ. ನಮ್ಮ ಯೋಜನೆಯಲ್ಲಿ ತಿಂಗಳಿಗೆ ಒಂದು ಜಿ.ಬಿ. ಮಿತಿ. ಮೇಲೆ ಬಳಸಿದ ಪ್ರತಿ ಎಂ.ಬಿ.ಗೂ ಹಣ. ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಮಾತ್ರ ಲೆಕ್ಕವಿಲ್ಲ. ಸೋದರಳಿಯ ಒಂದು ಭಾನುವಾರ ಮಧ್ಯಾಹ್ನ ಲಿನಕ್ಸ್ ತಂತ್ರಾಂಶದ ಸಿ.ಡಿ.ಯನ್ನು ಇಳಿಸಿಕೊಂಡ. ಮಗ ಕಚೇರಿಯ ಕಡತಗಳನ್ನು ತರಿಸಿದ. ಮೊಮ್ಮಗ ಕ್ರಿಕೆಟ್ಟಿನ ತುಣುಕುಗಳನ್ನು ನೋಡಿದ. ಐನೂರರ ಆಸುಪಾಸಿನಲ್ಲಿರಬೇಕಾಗಿದ್ದ ಬಿಲ್ಲು ಎರಡು ಸಾವಿರ ದಾಟಿ ಬಂದಿತು. ತಪ್ಪು ಬಿಲ್ಲಿನದಲ್ಲ, ನಮ್ಮದೇ. ಆದರೆ ಯಾರದೆಂದು ಹೇಳುವವರಿಲ್ಲ. ಪ್ರತಿಯೊಬ್ಬರೂ "ನಾನು ಸ್ವಲ್ಪವೇ ನೋಡಿದ್ದು" ಎಂದರು. ಪ್ರತಿಯೊಬ್ಬರೂ ನಿಜವನ್ನೇ ಹೇಳುತ್ತಿದ್ದರೆಂದು ಈಗ ಅನ್ನಿಸುತ್ತದೆ.

ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಮನೆಯಲ್ಲಿ ಹಾಜರಿ ಪುಸ್ತಕವಿಲ್ಲ ಎಂದರೆ ಸಮಾಧಾನವಿರುತ್ತದೆಯೇ? ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿದ್ದ ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆ. ಅವನು ಮೂಲೆ ಸೇರಿದ್ದ ನಮ್ಮ ಹಳೆಯ ಗಣಕಕ್ಕೆ ಜಾಲದ ಕಾರ್ಡುಗಳನ್ನು ಎರಡು ಹಾಕಿ, ಒಂದನ್ನು ಮೋಡೆಮ್ಮಿಗೂ ಇನ್ನೊಂದನ್ನು ಮನೆಯ ಉಳಿದ ತಂತಿಗಳ ಕಡೆಗೂ ಜೋಡಿಸಿದ. ಲಿನಕ್ಸ್ ಹಾಕಿ, ಸ್ಕ್ವಿಡ್ ಎಂಬ ಉಚಿತ ತಂತ್ರಾಂಶವನ್ನು ಅದರೊಳಗೆ ಕೂರಿಸಿದ. ಇನ್ನು ಮುಂದೆ ಮನೆಯ ಯಾವ ಗಣಕ ಯಾವ ಪುಟ ಕೇಳಿದರೂ ಈ ಹಳೆಯ ಪೆಟ್ಟಿಗೆಯ ಮೂಲಕವೇ ಹೋಗಬೇಕು, ಬರಬೇಕು.

ಇದು ಹೇಗೆ ನಡೆಯುತ್ತದೆಂದು ಅವನು ವಿವರಿಸಿದಾಗ ನನಗೆ ನಮ್ಮ ಶಾಲೆಯ ವಿದ್ಯಾರ್ಥಿನಿಲಯ ನೆನಪಾಯಿತು. ಜಗತ್ತಿನಲ್ಲಿ ಗಣಕಗಳಿಗೆ ಕೊಡಬಹುದಾದ ಹಳೆಯ ಮಾದರಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಎಲ್ಲರಿಗೂ ಒಂದೊಂದು ಕೊಡಲು ಸಾಲವು. ಆದ್ದರಿಂದ 192.168 ಎಂದು ಆರಂಭವಾಗುವಂಥ ಕೆಲವು ವಿಳಾಸಗಳನ್ನು ಮನೆಯೊಳಗಿನ, ಕಚೇರಿಯೊಳಗಿನ ಬಳಕೆಗೆಂದೇ ಬಿಟ್ಟಿದ್ದಾರೆ. ಹೊರಗಿನ ಲೋಕಕ್ಕೆ ಇಡೀ ಮನೆಗೆ ಒಂದೇ ವಿಳಾಸ. ನಿಲಯಕ್ಕೆ ಬರುವ ಕಾಗದಗಳನ್ನೆಲ್ಲ ಅಂಚೆಯವನು ಒಂದೇ ಬಾಗಿಲಿಗೆ ತಂದು ಕೊಡುತ್ತಿದ್ದನಲ್ಲವೇ? ಯಾವ ಹುಡುಗನಿಗೆ ಯಾವ ಕಾಗದ ಎಂದು ಹಂಚುವುದು ನಿಲಯಪಾಲಕನ ಕೆಲಸ. ಹಂಚುವ ಪೆಟ್ಟಿಗೆಯ ಕೆಲಸವೂ ಅದೇ. ಯಾವ ಗಣಕ ಏನು ಕೇಳಿತ್ತೆಂದು ನೆನಪಿಟ್ಟುಕೊಂಡು, ಬಂದ ಉತ್ತರವನ್ನು ಅದಕ್ಕೇ ತಲುಪಿಸುತ್ತದೆ.

ಎಂಟು ವರ್ಷ ನಾನೇ ನಿಲಯಪಾಲಕನಾಗಿದ್ದೆ. ಇದನ್ನು ಓದುವವರಲ್ಲಿ ಆ ನಿಲಯದಲ್ಲಿದ್ದವರೂ ಇದ್ದೀರಿ. ಅಂದು ಹುಡುಗರ ಕಾಗದಗಳನ್ನು ಒಡೆದು ನೋಡಿ ಕೊಡುವುದು ರೂಢಿಯಾಗಿತ್ತು. ನಾನೂ ಒಡೆದಿದ್ದೇನೆ. ಒಳ್ಳೆಯದಕ್ಕೇ ಎಂದು ನಂಬಿ ಒಡೆದಿದ್ದೇನೆ.

ಪೆಟ್ಟಿಗೆ ಬಂದ ಮೇಲೆ ಬಿಲ್ಲು ಹತೋಟಿಗೆ ಬಂದಿತು. ಯಾವ ಗಣಕಕ್ಕೆ ಎಷ್ಟು ಎಂ.ಬಿ. ಹೋಯಿತೆಂಬ ಪಟ್ಟಿಯನ್ನು ವಾರಕ್ಕೊಮ್ಮೆ ಅಡುಗೆಮನೆಯ ಬಾಗಿಲಿಗೆ ಅಂಟಿಸುತ್ತಿದ್ದೆ. ದೊಡ್ಡ ಸರಕನ್ನೆಲ್ಲ ರಾತ್ರಿ ಎರಡರ ಮೇಲೆ ಇಳಿಸಿಕೊಳ್ಳುವುದೆಂದಾಯಿತು. ಎರಡರಿಂದ ಎಂಟು, ಆರು ಗಂಟೆ. ಒಂದು ಸಿ.ಡಿ.ಗೆ ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಒಳ್ಳೆಯ ನೀರಗಂಟಿಯಾಗಿರುತ್ತಿದ್ದೆ.

ಆದರೆ ಆ ಪೆಟ್ಟಿಗೆಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ನಾವು ಕೊಟ್ಟ ಪದಗಳ ಪಟ್ಟಿಯಲ್ಲಿನ ಯಾವುದಾದರೂ ಪದ ಪುಟದ ವಿಳಾಸದಲ್ಲಿ ಬಂದರೆ ಅದು ಬಾಗಿಲು ಮುಚ್ಚುತ್ತಿತ್ತು, ಮುಚ್ಚಿದ್ದನ್ನು ಬರೆದಿಡುತ್ತಲೂ ಇತ್ತು. ಮೊಮ್ಮಗನ ದೃಷ್ಟಿಯಿಂದ ನಾನು ಅಂಥ ಒಂದು ಪಟ್ಟಿ ಮಾಡಿಸಿದೆ. ಅದರಲ್ಲಿ ಸ್ತ್ರೀದೇಹದ ಅಂಗಗಳ ಇಂಗ್ಲಿಷ್ ಹೆಸರುಗಳೂ ಇದ್ದವು. ಮುಚ್ಚಿದ ಬಾಗಿಲುಗಳ ಲೆಕ್ಕ ವಾರಕ್ಕೊಮ್ಮೆ ನನಗೊಬ್ಬನಿಗೇ ಕಾಣುವಂತೆ ಶಿಷ್ಯನಿಂದ ಏರ್ಪಾಡು ಮಾಡಿಸಿದೆ. ಅದರಲ್ಲಿ ಹೊತ್ತು, ಗಣಕದ ಸಂಖ್ಯೆ, ಸಿಕ್ಕಿಬಿದ್ದ ಪದ, ಈ ಮೂರೇ ಅಂಕಣ. ಈ ಪಟ್ಟಿಯ ವಿಷಯವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಶಿಷ್ಯ ಹೊರಡುವಾಗ, "ಸರ್, ಮನೆಯವರಿಗೆ ತಿಳಿಸಿಬಿಡಿ" ಎಂದಿದ್ದ. ನಾನು ಆಗಲಿ ಎಂದು ತಲೆಯಾಡಿಸಿ ಸುಮ್ಮನಾಗಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲಿನ ವಾರದ ಪಟ್ಟಿಯಲ್ಲಿ ಒಂದೇ ಪದ ಹನ್ನೊಂದು ಸಲ ಇತ್ತು. ಹೊತ್ತು ರಾತ್ರಿ ಎರಡರಿಂದ ಮೂರು. ಸಂಖ್ಯೆ 192.168.1.4. ಅದು ಮಹಡಿಯ ಗಣಕದ್ದು.

ಬೆಳಗ್ಗೆ ಮಹಡಿ ಹತ್ತಿ ಹೋದೆ. ಕಾಲೇಜಿಗೆ ಹೊರಟು ನಿಂತಿದ್ದ ಸೋದರಳಿಯನಿಗೆ, ಪರರ ಮನೆಯಲ್ಲಿ ಇರುವವನು ಹೇಗಿರಬೇಕು ಎಂಬ ಮಾತಿನಿಂದ ಆರಂಭಿಸಿದೆ. ನನ್ನ ಬಾಯಿಂದ 'ಪರರ ಮನೆ' ಎಂಬ ಶಬ್ದ ಬಂದದ್ದು ಅದೇ ಮೊದಲು. ನಿನ್ನ ತಾಯಿಗೆ ತಿಳಿದರೆ ಏನಾದೀತು ಎಂದೂ ಹೇಳಿದೆ. ಅವನು ಪಟ್ಟಿಯನ್ನು ನೋಡಿದ. "ಮಾವ, ನಾನಲ್ಲ" ಎಂದ, ಒಂದೇ ಸಲ. "ಯಂತ್ರ ಸುಳ್ಳು ಹೇಳುತ್ತದೆಯೇ?" ಎಂದೆ. ಅವನು ಮತ್ತೆ ಮಾತಾಡಲಿಲ್ಲ. ಸಂಜೆ ನಾನು ವಾಯುವಿಹಾರ ಮುಗಿಸಿ ಬಂದಾಗ, ಮಹಡಿಯಿಂದ ಇಳಿದು ಬರುತ್ತಿದ್ದ ಅವನ ಗಣಕದ ನೀಲಿ ತಂತಿ ಅಚ್ಚುಕಟ್ಟಾಗಿ ಸುತ್ತಿಕೊಂಡು ನನ್ನ ಮೇಜಿನ ಮೇಲೆ ಕುಳಿತಿತ್ತು. ಅಂದಿನಿಂದ ಹುಡುಗ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೇಂದ್ರಕ್ಕೆ ಹೋಗತೊಡಗಿದ. ಊಟಕ್ಕೆ ಬರುತ್ತಿದ್ದ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ, ಅಷ್ಟೇ.

ಮುಂದಿನ ವಾರದ ಪಟ್ಟಿ ಬಂದಿತು. ಅದೇ ಪದ, ಅದೇ ಹೊತ್ತು, ಅದೇ ನಾಲ್ಕನೆಯ ಸಂಖ್ಯೆ. ಆದರೆ ನಾಲ್ಕನೆಯ ಸಂಖ್ಯೆಯ ಗಣಕದ್ದೆಂದು ನಾನು ತಿಳಿದಿದ್ದ ತಂತಿ ನನ್ನ ಮೇಜಿನ ಮೇಲೆಯೇ ಇತ್ತು.

ಆಗ ನಾನು ಮೂಲ ದಾಖಲೆಯನ್ನು ತೆರೆದೆ. ಆ ತಂತ್ರಾಂಶ ಹೊತ್ತನ್ನು ನಮ್ಮ ಹಾಗೆ ಬರೆಯುವುದಿಲ್ಲ. 1970ರ ಜನವರಿ ಒಂದರಿಂದ ಎಷ್ಟು ಸೆಕೆಂಡು ಕಳೆಯಿತೆಂದು ಬರೆಯುತ್ತದೆ. ಕಾಗದ ಪೆನ್ಸಿಲು ಹಿಡಿದು, ಐದೂವರೆ ಗಂಟೆ ಸೇರಿಸಿ, ಒಂದೊಂದು ಸಾಲಿನ ಹೊತ್ತನ್ನು ನಾನೇ ಬಿಡಿಸಿದೆ. ಅಂಕಣದಲ್ಲಿ ಬಂದಿದ್ದ ಆ ಒಂದು ಪದದ ಹಿಂದೆ ಮುಂದೆ ಏನಿತ್ತೆಂದು ಆಗ ಕಂಡಿತು. ಸ್ತನದಲ್ಲಿ ಗಂಟು. ನೋವಿಲ್ಲದ ಗಂಟು. ಐವತ್ತೇಳು ವರ್ಷ. ಗಂಟು ಎಂದರೆ ಕ್ಯಾನ್ಸರೇ? ಯಾವ ವೈದ್ಯರಿಗೆ ತೋರಿಸಬೇಕು?

ನಮ್ಮ ಮನೆಯಲ್ಲಿ ಐವತ್ತೇಳು ವರ್ಷದವರು ಒಬ್ಬರೇ ಇದ್ದರು. ಆಕೆ ಆ ಹೊತ್ತಿಗೆ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಳು.

ಆದದ್ದು ಇಷ್ಟು. ಹಬ್ಬಕ್ಕೆ ಸೋದರಳಿಯ ಊರಿಗೆ ಹೋಗಿ ವಾರವಿದ್ದು ಬಂದಿದ್ದ. ಮನೆಯೊಳಗಿನ ಈ ಸಂಖ್ಯೆಗಳು ಯಾರಿಗೂ ಶಾಶ್ವತವಲ್ಲ, ಪೆಟ್ಟಿಗೆ ಅವುಗಳನ್ನು ಅವಧಿಗೆ ಇಷ್ಟೆಂದು ಬಾಡಿಗೆಗೆ ಕೊಡುತ್ತದೆ. ಅವಧಿ ಮುಗಿಯುವವರೆಗೆ ಗಣಕ ಮತ್ತೆ ಬಂದು ಕೇಳದಿದ್ದರೆ ಇನ್ನೊಂದಕ್ಕೆ ಕೊಡಬಹುದು. ಅದೇ ವಾರ ಸೊಸೆ ತಾನು ಪಾಠ ಹೇಳುತ್ತಿದ್ದ ಕಾಲೇಜಿನಿಂದ ಒಂದು ಲ್ಯಾಪ್‌ಟಾಪ್ ತಂದಿದ್ದಳು. ತೆರವಾಗಿದ್ದ ನಾಲ್ಕನೆಯ ಸಂಖ್ಯೆ ಅದಕ್ಕೆ ಹೋಗಿತ್ತು. ಹಿಂದಿರುಗಿದ ಹುಡುಗನಿಗೆ ಐದನೆಯದು ಸಿಕ್ಕಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಸಂಖ್ಯೆಯನ್ನು ಹೇಳಿತ್ತು, ಮನುಷ್ಯನನ್ನು ಹೆಸರಿಸಿದವನು ನಾನು.

ಸಂಜೆ ಸೊಸೆಯನ್ನು ಕೂರಿಸಿಕೊಂಡು ಕೇಳಿದೆ. ಅವಳ ಕಣ್ಣು ತುಂಬಿತು. "ಅತ್ತೆ ನಿಮಗೆ ಹೇಳಬೇಡ ಎಂದಿದ್ದರು, ಮಾವ. ಡಾಕ್ಟರ ಹತ್ತಿರ ಹೋಗೋಣವೆಂದರೂ ಕೇಳಲಿಲ್ಲ. ಏನೂ ಆಗಿಲ್ಲ, ಸುಮ್ಮನೆ ಗಾಬರಿ ಮಾಡಬೇಡ ಎಂದರು. ಸರಿಯಾಗಿ ಓದಿ ಅವರನ್ನು ಒಪ್ಪಿಸೋಣ ಎಂದುಕೊಂಡೆ. ಯಾವ ಪುಟವೂ ತೆರೆಯಲಿಲ್ಲ" ಎಂದಳು. ಕಾಲೇಜಿನ ಗಣಕಗಳ ಕೋಣೆಯಲ್ಲಿ ಎಲ್ಲರೆದುರು ಆ ಪದ ಹುಡುಕಲು ಅವಳಿಗೆ ಸಂಕೋಚವಾಗಿತ್ತು. ಮನೆಯಲ್ಲಿ ಬಾಗಿಲು ಮುಚ್ಚಿದವನು ನಾನೆಂದು ಅವಳಿಗೆ ಗೊತ್ತಿತ್ತು. ತೆಗೆಯಿರಿ ಎಂದು ನನ್ನನ್ನು ಕೇಳಿದರೆ ಏಕೆಂದು ಹೇಳಬೇಕಾಗುತ್ತಿತ್ತು.

ಮರುದಿನವೇ ಬೆಂಗಳೂರಿಗೆ ಹೋದೆವು. ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ, ಆದರೂ ಪ್ರತಿಯೊಂದನ್ನೂ ತೋರಿಸಲೇಬೇಕು ಎಂದು ವೈದ್ಯರು ಹೇಳಿದರು. ಸೊಸೆ ಹುಡುಕುತ್ತಿದ್ದ ಮಾತು ಅದೇ. ಸೂಜಿ ಹಾಕಿ ತೆಗೆದ ಪರೀಕ್ಷೆಯಲ್ಲಿ ನಮ್ಮದು ಆ ಬಹುಪಾಲಿಗೆ ಸೇರಲಿಲ್ಲ. ಮೊದಲ ಹಂತದಲ್ಲಿಯೇ ಇತ್ತು. ಶಸ್ತ್ರಚಿಕಿತ್ಸೆಯಾಯಿತು, ವಿಕಿರಣವಾಯಿತು. ಆ ಎರಡು ವಾರದಿಂದ ಏನೂ ವ್ಯತ್ಯಾಸವಾಗಿಲ್ಲವೆಂದು ವೈದ್ಯರು ಒಂದಲ್ಲ, ಎರಡು ಸಲ ಹೇಳಿದರು. ಅವರು ಹೇಳಿದ್ದನ್ನು ನಂಬಿದ್ದೇನೆ. ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಇಂದಿಗೂ ಆ ಹನ್ನೊಂದು ಸಾಲುಗಳು ಕಣ್ಣೆದುರು ಬರುತ್ತವೆ.

ಆಸ್ಪತ್ರೆಯಿಂದ ಬಂದ ರಾತ್ರಿ ನೀಲಿ ತಂತಿ ಹಿಡಿದುಕೊಂಡು ಮಹಡಿ ಹತ್ತಿದೆ. ಏನು ಹೇಳಬೇಕೆಂದು ಮೆಟ್ಟಿಲ ಮೇಲೆಲ್ಲ ಯೋಚಿಸಿದ್ದೆ. ಮೇಲೆ ಹೋದ ಮೇಲೆ, "ತಪ್ಪಾಯಿತಪ್ಪಾ" ಎಂಬುದೊಂದೇ ಮಾತು ಹೊರಟಿತು. ಅವನು ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡ. "ಅತ್ತೆಗೆ ಹೇಗಿದೆ ಮಾವ?" ಎಂದ. ತಂತಿಯನ್ನು ಜೋಡಿಸಲಿಲ್ಲ. ಜೋಡಿಸಿದ್ದು ಮತ್ತೂ ಒಂದು ತಿಂಗಳಾದ ಮೇಲೆ. ಅದನ್ನೂ ನಾನು ಹೇಳಲೇಬೇಕು.

ಆಮೇಲೆ ಒಂದು ಭಾನುವಾರ ನಡುಮನೆಯಲ್ಲಿ ಎಲ್ಲರೂ ಕುಳಿತೆವು, ಏರಿಯ ಮೇಲೆ ಊರಿನವರು ಕೂರುತ್ತಿದ್ದ ಹಾಗೆ. ಯಾರಿಗೆ ಎಷ್ಟು ಎಂಬ ಲೆಕ್ಕ ಇರಲಿ, ಅದು ಎಲ್ಲರಿಗೂ ಕಾಣಲಿ ಎಂದಾಯಿತು. ಯಾರು ಏನು ನೋಡಿದರೆಂಬ ದಾಖಲೆಯನ್ನು ಇಡುವುದನ್ನೇ ನಿಲ್ಲಿಸಲಾಯಿತು. ಪ್ರತಿ ಯಂತ್ರದ ಕಾರ್ಡಿಗೂ ತಯಾರಾಗುವಾಗಲೇ ಕೊಟ್ಟ ಒಂದು ಗುರುತು ಇರುತ್ತದೆ. ಶಿಷ್ಯ ಬಂದು ಅದಕ್ಕೆ ಸಂಖ್ಯೆಯನ್ನು ಕಟ್ಟಿ, ಇವು ಅದಲುಬದಲಾಗದ ಹಾಗೆ ಮಾಡಿದ. ಪದಗಳ ತಡೆಯನ್ನು ತೆಗೆದುಹಾಕಿದೆವು. ಮೊಮ್ಮಗನ ಮಟ್ಟಿಗೆ, ಅವನು ಕೂರುವ ಗಣಕದ ಪರದೆ ನಡುಮನೆಯಲ್ಲಿ ಓಡಾಡುವವರಿಗೆಲ್ಲ ಕಾಣುವಂತಿರಬೇಕು, ರಾತ್ರಿ ಹತ್ತಕ್ಕೆ ಅದು ನಿಲ್ಲಬೇಕು ಎಂದು ಅವನ ಎದುರಿಗೇ ತೀರ್ಮಾನಿಸಿದೆವು. ಅವನು ಹತ್ತೂವರೆಗೆ ವಾದಿಸಿ, ಶನಿವಾರ ಮಾತ್ರ ಗೆದ್ದ.

ಆಗಿನ ಅಂತರಜಾಲಕ್ಕೂ ಈಗಿನದಕ್ಕೂ ಬಹಳ ವ್ಯತ್ಯಾಸವಿದೆ. 2007ರಲ್ಲಿ ಹೆಚ್ಚಿನ ಪುಟಗಳು ಅಂಚೆಕಾರ್ಡಿನಂತೆ ತೆರೆದೇ ಓಡಾಡುತ್ತಿದ್ದವು. ನಡುವೆ ನಿಂತವನು ಓದಬಹುದಾಗಿತ್ತು. ಈಗ ಬಹುತೇಕ ಎಲ್ಲವೂ ಲಕೋಟೆಯೊಳಗೆ ಹೋಗುತ್ತವೆ. ನಡುವಿನ ಪೆಟ್ಟಿಗೆಗೆ ಸಾಮಾನ್ಯವಾಗಿ ತಾಣದ ಹೆಸರು ಕಾಣಬಹುದು, ಒಳಗೆ ಕೇಳಿದ ಪ್ರಶ್ನೆ ಕಾಣುವುದಿಲ್ಲ. ನನ್ನ ಹಳೆಯ ಪೆಟ್ಟಿಗೆ ಇಂದು ಇದ್ದಿದ್ದರೆ ಆ ಪದವನ್ನು ಹಿಡಿಯುತ್ತಲೇ ಇರಲಿಲ್ಲ. ನೀರಿನ ಅಭಾವವೂ ಅಂದಿನಷ್ಟಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮಾತ್ರ ಅದು ಮತ್ತೆ ಕಂಡಿತು. ಕಿರಿಯ ಮೊಮ್ಮಗಳ ತರಗತಿ, ಸೊಸೆಯ ಪಾಠ, ಮಗನ ಸಭೆ ಎಲ್ಲವೂ ಬೆಳಗ್ಗೆ ಹತ್ತಕ್ಕೆ. ವೀಡಿಯೊ ಪಾಠದಲ್ಲಿ ಒಳಗೆ ಬರುವುದರಷ್ಟೇ ಹೊರಗೆ ಹೋಗುವ ವೇಗವೂ ಬೇಕೆಂಬುದನ್ನು ಆಗ ಕಲಿತೆವು. ನಾವು ಯಾರ ತಂತಿಯನ್ನೂ ಕೀಳಲಿಲ್ಲ. ಮಗನ ಸಭೆ ಬರೀ ಧ್ವನಿಯಲ್ಲಿ ನಡೆಯಿತು, ಮೊಮ್ಮಗಳ ಮುಖ ಅವಳ ಮೇಷ್ಟರಿಗೆ ಕಂಡಿತು.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನಮ್ಮ. ನಿಮ್ಮ ಪೆಟ್ಟಿಗೆಯಲ್ಲಿ ಯಾವ ಉಪಕರಣಕ್ಕೆ ಎಷ್ಟು ಹೊತ್ತು ಎಂದು ಕಟ್ಟುವ ಅನುಕೂಲವಿದ್ದರೆ ಬಳಸಿಕೋ. ಚಿಕ್ಕ ಮಕ್ಕಳಿಗೆ ಕೆಟ್ಟ ತಾಣಗಳನ್ನು ತಡೆಯುವ ಏರ್ಪಾಡಿದ್ದರೆ ಅದನ್ನೂ ಹಾಕು. ಆದರೆ ಹಾಕಿದ್ದನ್ನು ಅವರಿಗೆ ಹೇಳು. ಬೇಕಾದ ಬಾಗಿಲು ಮುಚ್ಚಿದ್ದರೆ ಕಾರಣ ಹೇಳದೆಯೂ ತೆಗೆಸಿಕೊಳ್ಳುವ ದಾರಿಯೊಂದಿರಲಿ. ಅಪ್ಪನನ್ನು ಕೇಳಲಾಗದ್ದನ್ನು ಅಮ್ಮನನ್ನೋ ಚಿಕ್ಕಮ್ಮನನ್ನೋ ಕೇಳುವಂತಿರಲಿ. ಅವರಿಗೆ ತಿಳಿಯದ ಹಾಗೆ ನೋಡುವ ಸೌಕರ್ಯವನ್ನು ಮಾತ್ರ ಬಳಸಬೇಡ. ಅಲ್ಲದೆ ಮಕ್ಕಳು ಸ್ವಲ್ಪ ದೊಡ್ಡವರಾದರೆ ಅವರ ಕೈಯಲ್ಲಿ ಅವರದೇ ಸಿಮ್ ಇರುತ್ತದೆ. 2016ರ ನಂತರ ಮೊಬೈಲ್ ದತ್ತಾಂಶ ಅಗ್ಗವಾದ ಮೇಲೆ ಮನೆಯ ತೂಬು ಮುಚ್ಚಿದರೆ ಯಾರಿಗೂ ನೀರು ನಿಲ್ಲುವುದಿಲ್ಲ. ಆಗ ಉಳಿಯುವುದು ಅವರು ನಿನ್ನ ಹತ್ತಿರ ಬಂದು ಹೇಳುತ್ತಾರೋ ಇಲ್ಲವೋ ಎಂಬುದೊಂದೇ.

ನಿಲಯದಲ್ಲಿ ನಾನು ಒಡೆದ ಕಾಗದಗಳಿಗೆ ಈಗ ಪರಿಹಾರವಿಲ್ಲ. ಅಂದಿನ ಹುಡುಗರು ಮನ್ನಿಸಬೇಕು.

ಇದನ್ನು ಪ್ರಕಟಿಸುವ ಮೊದಲು ಮನೆಯವಳಿಗೆ ಓದಿ ಹೇಳಿದೆ. ಆಸ್ಪತ್ರೆಯ ವಿಷಯದಲ್ಲಿ ಎರಡು ವಾಕ್ಯ ತೆಗೆಸಿದಳು, ತೆಗೆದಿದ್ದೇನೆ. ಉಳಿದದ್ದಕ್ಕೆ ಅಡ್ಡಿಯಿಲ್ಲ ಎಂದಳು. ಸೋದರಳಿಯನಿಗೂ ಕಳುಹಿಸಿದ್ದೆ. ಅವನಿಗೀಗ ಶಾಲೆಗೆ ಹೋಗುವ ಮಗಳಿದ್ದಾಳೆ. "ಹಾಕಿ ಮಾವ, ಆದರೆ ಸೈಬರ್ ಕೇಂದ್ರದಲ್ಲಿ ಗಂಟೆಗೆ ಹದಿನೈದು ರೂಪಾಯಿ ಇತ್ತು, ಇಪ್ಪತ್ತಲ್ಲ" ಎಂದು ಉತ್ತರ ಬರೆದಿದ್ದಾನೆ. ಮೇಲೆ ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ಲೆಕ್ಕ ತಪ್ಪುವುದು ನನಗೆ ಹೊಸತಲ್ಲವೆಂದು ನಿಮಗೂ ತಿಳಿದಿರಲಿ.